ರೈನ್ ದಡದ ಬಖರಾಖ್: ಒಂದು ರಾತ್ರಿ ತಂಗಬೇಕೇ?

ನಡೆದುನೋಡು:
ಸೆಪ್ಟೆಂಬರ್‌ನಲ್ಲಿ ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ಗೆ ಹೋಗುತ್ತಿದ್ದೇನೆ. ಒಂದು ವಾರಾಂತ್ಯ ಬಿಡುವಿದೆ. ಬಖರಾಖ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕೇ, ಉಳಿಯಬೇಕೇ? ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು.

ಮೈನ್ಸ್‌ವಾಸಿ:
ಉಳಿಯಿರಿ. ಸುಮಾರು 2,000 ಜನರ ಊರು ಅದು. ಹಗಲಿಡೀ ಹಡಗಿನಿಂದ ಇಳಿದವರದೇ ದರಬಾರು. ಅವರು ಹೊರಟ ಮೇಲೆ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಲು ಜಾಗ ಸಿಗುತ್ತದೆ. ಮರದ ಚೌಕಟ್ಟಿಗೆ ಮಣ್ಣು ಮೆತ್ತಿ ಸುಣ್ಣ ಬಳಿದ ಮನೆಗಳು, ಒಂದರ ಹೆಗಲಿಗೆ ಒಂದು ಒರಗಿಕೊಂಡಂತೆ ನಿಂತಿವೆ.

ಆದರೆ ನದಿ ಕಾಣುವ ಕೋಣೆಯೇ ಬೇಕೆಂದು ಹಟ ಹಿಡಿಯಬೇಡಿ. ಊರಿಗೂ ನದಿಗೂ ನಡುವೆ ಹೆದ್ದಾರಿ ಮತ್ತು ರೈಲು ಹಳಿ. ಎದುರು ದಡದಲ್ಲಿ ಇನ್ನೊಂದು ಹಳಿ. ಸರಕು ರೈಲುಗಳಿಗೆ ರಾತ್ರಿ, ಹಗಲು ಎಂಬ ಭೇದವಿಲ್ಲ. ಕರಪತ್ರಗಳು ಇದನ್ನು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಒಳಬೀದಿಯ ಕೋಣೆ ಹಿಡಿಯಿರಿ.

ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕೋಟೆಗೋಡೆ ಏಕೆ ಎಂದರೆ, ವೈನ್ ವ್ಯಾಪಾರ. ನದಿಯ ಮೇಲ್ಗಡೆ, ಬಿಂಗೆನ್ ಊರಿನ ಬಳಿ, ಬಂಡೆಗಳಿಂದಾಗಿ ನದಿ ಅಪಾಯಕಾರಿಯಾಗಿತ್ತು. ಸಣ್ಣ ದೋಣಿಗಳಲ್ಲಿ ಅದನ್ನು ದಾಟಿ ಬಂದ ಪೀಪಾಯಿಗಳನ್ನು ಇಲ್ಲಿ ದೊಡ್ಡ ಹಡಗುಗಳಿಗೆ ಏರಿಸುತ್ತಿದ್ದರು.

ಚರ್ಚ್‌ನ ಮೇಲ್ಗಡೆ ಕೆಂಪು ಮರಳುಗಲ್ಲಿನ, ಸೂರಿಲ್ಲದ ಒಂದು ಗುಡಿ ಇದೆ: ವೆರ್ನರ್ ಚಾಪೆಲ್. ಎಲ್ಲರೂ ಅದರ ಕಮಾನಿನ ಚಿತ್ರ ತೆಗೆದು ಮುಂದೆ ಹೋಗುತ್ತಾರೆ. 1287ರಲ್ಲಿ ವೆರ್ನರ್ ಎಂಬ ಹುಡುಗ ಶವವಾಗಿ ಸಿಕ್ಕಾಗ ಆರೋಪವನ್ನು ಯಹೂದಿಗಳ ತಲೆಗೆ ಕಟ್ಟಿದರು; ರೈನ್ ದಡದ ಊರುಗಳಲ್ಲಿ ಅವರ ಕೊಲೆಗಳು ನಡೆದವು. ಆ ಸುಳ್ಳಿನ ಮೇಲೆ ಎದ್ದ ಗುಡಿ ಇದು. ಆ ಹುಡುಗನ ಹೆಸರು ಟ್ರಿಯರ್ ಧರ್ಮಪ್ರಾಂತ್ಯದ ಸಂತರ ಪಟ್ಟಿಯಿಂದ ಹೋದದ್ದು 1963ರಲ್ಲಿ. ಅಲ್ಲಿನ ಫಲಕದ ಮುಂದೆ ಎರಡು ನಿಮಿಷ ನಿಲ್ಲಿ.

ದೋಣಿಗಾರ:
ಹೊರಡುವ ಮುನ್ನ ಎದುರು ದಡದ ಊರಾದ ಕೌಬ್‌ನ ನೀರಿನ ಮಟ್ಟ ನೋಡಿ. ಹಡಗಿನವರೆಲ್ಲ ಲೆಕ್ಕ ಹಾಕುವುದು ಆ ಅಳತೆಪಟ್ಟಿಯನ್ನೇ ನೋಡಿ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರ್‌ಗೆ ಇಳಿದಿತ್ತು. ಹಾಗೆಂದರೆ ನದಿಯ ಆಳವೇ ಅಷ್ಟು ಎಂದಲ್ಲ, ಹಡಗಿನ ದಾರಿ ಅದಕ್ಕಿಂತ ಆಳವಿರುತ್ತದೆ. ಕೌಬ್‌ನಲ್ಲಿ ನದಿಯ ನಡುಗಡ್ಡೆಯ ಮೇಲೆ ಸುಂಕದ ಕೋಟೆಯೂ ಇದೆ, ಬಿಡಬೇಡಿ. ಮೈನ್ಸ್‌ನಿಂದ ಕೊಬ್ಲೆಂಝ್‌ವರೆಗೆ ಸೇತುವೆಯೇ ಇಲ್ಲ, ದಡ ಬದಲಿಸಲು ದೋಣಿಯೇ ಗತಿ.

ನಡೆದುನೋಡು:
ಇಬ್ಬರಿಗೂ ಧನ್ಯವಾದ. ಅಮ್ಮನಿಗೆ ಮೇಲಿನ ಸ್ಟಾಹ್ಲೆಕ್ ಕೋಟೆ ಹತ್ತಲು ಆಗುತ್ತದೆಯೇ?

ಮೈನ್ಸ್‌ವಾಸಿ:
ಮೆಟ್ಟಿಲುಗಳು ಕಡಿದಾಗಿವೆ, ಬೇಡ. ಕೋಟೆ ಈಗ ಯುವ ವಸತಿಗೃಹ. ಅಲ್ಲಿಗೆ ಹೋಗುವುದು ಮುಖ್ಯವಾಗಿ ಕಣಿವೆಯ ನೋಟಕ್ಕಾಗಿ. ನೀವು ಬೆಳಿಗ್ಗೆಯೇ ಒಬ್ಬರೇ ಹತ್ತಿ ಬನ್ನಿ. ಅಮ್ಮನಿಗೆ ನದಿದಡದ ಉದ್ಯಾನ ಸಮತಟ್ಟಾಗಿದೆ, ಹಡಗುಕಟ್ಟೆಯೂ ಅಲ್ಲೇ. ಭಾನುವಾರ ಅಂಗಡಿಗಳು ಮುಚ್ಚಿರುವುದೇ ಹೆಚ್ಚು. ಹಣ್ಣು, ಔಷಧಿ ಶನಿವಾರವೇ ಕೊಂಡಿಟ್ಟುಕೊಳ್ಳಿ.