ಒಂದೇ ಎನ್‌ಕ್ವೈರಿಗೆ ರಿವಿಷನ್ ಮೇಲೆ ರಿವಿಷನ್: ಸಿಆರ್‌ಎಂ ಮತ್ತು ಕೊಟೇಶನ್ ಸಿಂಕ್ ನಿಲ್ಲುತ್ತಲೇ ಇಲ್ಲ

ಉದ್ಯಮಬಾಗ್_ಐಟಿ:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫ್ಯಾಕ್ಟರಿಯ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆ ಮೇಲಿದೆ. ನಮ್ಮಲ್ಲಿ ಎರಡು ಥರದ ಮಾಲು ತಯಾರಾಗುತ್ತೆ. ಒಂದು ಕಾಸ್ಟಿಂಗ್, ಇನ್ನೊಂದು ಹೈಡ್ರಾಲಿಕ್ ಸಿಲಿಂಡರ್. ಎನ್‌ಕ್ವೈರಿ ಬಂದ ಕೂಡಲೇ ಸೇಲ್ಸ್‌ನವರು ಸಿಆರ್‌ಎಂನಲ್ಲಿ, ಅಂದ್ರೆ ಗಿರಾಕಿಗಳ ವಿವರ ಇಡೋ ಸಾಫ್ಟ್‌ವೇರ್‌ನಲ್ಲಿ, ಹಾಕುತ್ತಾರೆ. ರೇಟ್ ಕಟ್ಟೋದು, ಡಿಸ್ಕೌಂಟ್‌ಗೆ ಒಪ್ಪಿಗೆ, ಪಿಡಿಎಫ್ ತೆಗೆಯೋದು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ. ಎರಡನ್ನೂ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡೋ ದಾರಿ) ಮೂಲಕ ಜೋಡಿಸಿದ್ದೇವೆ. 15 ನಿಮಿಷಕ್ಕೊಮ್ಮೆ ಎರಡೂ ಕಡೆಯಿಂದ ಸಿಂಕ್ ಆಗುತ್ತೆ, ಅಂದ್ರೆ ಒಂದರಲ್ಲಿ ಆದ ಬದಲಾವಣೆ ಇನ್ನೊಂದಕ್ಕೆ ಹೋಗುತ್ತೆ.

ತೊಂದರೆ ಏನಂದ್ರೆ, ಕಾಸ್ಟಿಂಗ್ ಕೊಟೇಶನ್ ಮಾಡಿ ಸುಮ್ನೆ ಬಿಟ್ಟರೂ ಅದು ತಾನಾಗಿಯೇ ಆರ್1, ಆರ್2, ಆರ್3 ಅಂತ ಬೆಳೆಯುತ್ತಾ ಹೋಗುತ್ತೆ. ಯಾರೂ ಮುಟ್ಟಿರಲ್ಲ. ಪ್ರತಿ ರಿವಿಷನ್‌ಗೂ ಪಾರ್ಟಿಗೆ ಒಂದು ಮೇಲ್ ಹೋಗುತ್ತೆ. ಕೊಲ್ಹಾಪುರದ ಪಾರ್ಟಿಯ ಪರ್ಚೇಸ್‌ನವರು ಫೋನ್ ಮಾಡಿ, "ಬೆಳಗ್ಗೆಯಿಂದ ಏಳು ಕೊಟೇಶನ್ ಬಂದಿವೆ, ನಿಮ್ಮ ಖರೇ ರೇಟ್ ಯಾವುದ್ರಿ?" ಅಂತ ಕೇಳಿದರು. ಏಳರಲ್ಲೂ ರೇಟ್ ಒಂದೇ! ಸಿಲಿಂಡರ್ ಕೊಟೇಶನ್‌ಗಳಲ್ಲಿ ಹೀಗೆ ಆಗಲ್ಲ. ಒಂದೇ ಒಂದು ಸಿಲಿಂಡರ್ ಕೊಟೇಶನ್ ಮಾತ್ರ ಇದೇ ದಾರಿ ಹಿಡಿದಿದೆ. ಅದಕ್ಕೇ ನನ್ನ ತಲೆ ಕೆಟ್ಟಿರೋದು.

ಮಚ್ಛೆ_ಡೆವಲಪರ್:

ವೆಬ್‌ಹುಕ್ (ಏನಾದರೂ ಬದಲಾದ ಕೂಡಲೇ ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ತಾನಾಗಿ ಕಳಿಸೋ ಸಂದೇಶ) ಮರುಪ್ರಯತ್ನ ಇರಬಹುದು. ನಿಮ್ಮ ಸರ್ವರ್ ಉತ್ತರ ಕೊಡೋದು ತಡವಾದರೆ ಕಳಿಸಿದವನು ತಲುಪಿಲ್ಲ ಅಂದುಕೊಂಡು ಅದೇ ಸಂದೇಶ ಮತ್ತೆ ಕಳಿಸುತ್ತಾನೆ. ನೀವು ಎರಡನ್ನೂ ಹೊಸದು ಅಂತ ತಗೊಂಡರೆ ಡಬಲ್ ಆಗುತ್ತೆ. ಟೈಮ್‌ಔಟ್, ಅಂದ್ರೆ ಉತ್ತರಕ್ಕೆ ಕಾಯೋ ಸಮಯ, ಜಾಸ್ತಿ ಮಾಡಿ ನೋಡಿ.

ಸಿಂಕ್_ರಿಪೇರಿ:

ಟೈಮ್‌ಔಟ್ ಮುಟ್ಟೋಕೆ ಮುಂಚೆ ಎರಡು ವಿಷಯ ನೋಡ್ರಿ. ಒಂದು, ಈವೆಂಟ್ ಐಡಿ, ಅಂದ್ರೆ ಪ್ರತಿ ಸಂದೇಶದ ಗುರುತಿನ ಸಂಖ್ಯೆ. ಮರುಪ್ರಯತ್ನ ಆಗಿದ್ದರೆ ಸಾಮಾನ್ಯವಾಗಿ ಅದೇ ಐಡಿ ಮತ್ತೆ ಬರುತ್ತೆ. ಎರಡು, ರಿವಿಷನ್‌ಗಳ ನಡುವಿನ ಸಮಯ. ಮರುಪ್ರಯತ್ನ ಹೆಚ್ಚಾಗಿ ಕೆಲವು ಸೆಕೆಂಡಿಗೆ ಶುರುವಾಗಿ ಆಮೇಲೆ ಅಂತರ ಹಿಗ್ಗುತ್ತಾ ಹೋಗುತ್ತೆ. ನಿಮ್ಮದು ಸರಿಯಾಗಿ 15 ನಿಮಿಷಕ್ಕೊಂದು ಆಗಿದ್ದರೆ ಸಿಂಕ್ ಕೆಲಸವೇ ಅದನ್ನು ಹುಟ್ಟಿಸುತ್ತಿದೆ.

ಹಾಳಾದ ಒಂದು ಕೊಟೇಶನ್‌ನ ಲಾಗ್ (ಯಾವಾಗ ಏನಾಯಿತು ಅನ್ನೋ ದಾಖಲೆ) ಇಲ್ಲಿ ಹಾಕಿ. ಎರಡೂ ಕಡೆಯದು ಬೇಕು. ಸಿಆರ್‌ಎಂ ಲಾಗ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ ಇದ್ದರೆ 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಿ. ಇಲ್ಲದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟರೂ ತಾಳೆ ಆಗಲ್ಲ.

ಉದ್ಯಮಬಾಗ್_ಐಟಿ:

ಐಡಿ ಪ್ರತಿ ಸಲ ಬೇರೆ ಬೇರೆ. ಅಂತರ 15 ನಿಮಿಷ, ಒಂದು ಚೂರೂ ಆಚೀಚೆ ಇಲ್ಲ. ಸಿಆರ್‌ಎಂ ಲಾಗ್ ಯುಟಿಸಿಯಲ್ಲೇ ಇತ್ತು, ನಮ್ಮ ಸಮಯಕ್ಕೆ ತಿರುಗಿಸಿದ್ದೇನೆ. ಇದು 500 ಪೀಸ್ ಕಾಸ್ಟಿಂಗ್, ಪೀಸ್ ತೂಕ 1.435 ಕೆಜಿ, ಕೆಜಿಗೆ ₹129.50:

10:15:04 ಕೊಟೇಶನ್‌ನಿಂದ ಸಿಆರ್‌ಎಂಗೆ, ಒಟ್ಟು 92,916.25
10:15:06 ಸಿಆರ್‌ಎಂ ಉಳಿಸಿತು, ಪೀಸ್ ದರ 185.83, ಒಟ್ಟು 92,915.00
10:30:03 ಸಿಆರ್‌ಎಂನಿಂದ ಕೊಟೇಶನ್‌ಗೆ, ಒಟ್ಟು 92,915.00, ಬದಲಾವಣೆ ಇದೆ
10:30:05 ಹೊಸ ರಿವಿಷನ್ ಆರ್2, ಒಟ್ಟು 92,916.25
10:30:07 ಸಿಆರ್‌ಎಂ ಉಳಿಸಿತು, ಪೀಸ್ ದರ 185.83, ಒಟ್ಟು 92,915.00

ಮುಂದೆಲ್ಲ ಇದೇ ಪಾಠ.

ಸಿಂಕ್_ರಿಪೇರಿ:

ಸಿಕ್ಕಿತು. 1.435 ಅನ್ನು 129.50 ರಿಂದ ಗುಣಿಸಿ. 185.8325 ಬರುತ್ತೆ. ಕೊಟೇಶನ್ ಸಾಫ್ಟ್‌ವೇರ್ ಈ ನಾಲ್ಕೂ ದಶಾಂಶ ಇಟ್ಟುಕೊಂಡು 500 ಪೀಸಿಗೆ 92,916.25 ಮಾಡುತ್ತೆ. ನಿಮ್ಮ ಸಿಆರ್‌ಎಂನಲ್ಲಿ ದರದ ಕಾಲಂಗೆ ಎರಡೇ ದಶಾಂಶ ಇಟ್ಟಿದ್ದಾರೆ. ಅದು 185.83 ಅಂತ ಹತ್ತಿರದ ಪೈಸೆಗೆ ರೌಂಡ್ ಮಾಡಿಕೊಂಡು, ಬಂದ ಒಟ್ಟು ಮೊತ್ತವನ್ನು ಬದಿಗಿಟ್ಟು, ತಾನೇ ಮತ್ತೆ ಗುಣಿಸಿ 92,915.00 ಅಂತ ಬರೆದುಕೊಳ್ಳುತ್ತೆ. ವ್ಯತ್ಯಾಸ ₹1.25.

ಮುಂದಿನ ಸಿಂಕ್‌ನಲ್ಲಿ ಕೊಟೇಶನ್ ಕಡೆಗೆ ಬೇರೆ ಮೊತ್ತ ಕಾಣುತ್ತೆ. "ಯಾರೋ ಸೇಲ್ಸ್‌ನವರು ಬದಲಿಸಿದ್ದಾರೆ" ಅಂದುಕೊಂಡು ಹೊಸ ರಿವಿಷನ್ ತೆಗೆಯುತ್ತೆ. ಆದರೆ ಅದರ ರೇಟ್ ಬರೋದು ಕೆಜಿ ಲೆಕ್ಕದಿಂದ. ಹಾಗಾಗಿ ಉತ್ತರ ಮತ್ತೆ 92,916.25. ಅದನ್ನು ಸಿಆರ್‌ಎಂಗೆ ಕಳಿಸುತ್ತೆ, ಅದು ಮತ್ತೆ ರೌಂಡ್ ಮಾಡುತ್ತೆ. ಇಬ್ಬರು ಗುಮಾಸ್ತರು ಒಂದೇ ಖಾತೆ ಪುಸ್ತಕವನ್ನು ಸರದಿ ಮೇಲೆ ತಿದ್ದುತ್ತಾ ಕೂತ ಹಾಗೆ. ಯಾರಾದರೂ ಕೊಟೇಶನ್ ಲಾಕ್ ಮಾಡೋವರೆಗೂ ಇದು ನಿಲ್ಲಲ್ಲ.

ಸಿಲಿಂಡರ್ ಯಾಕೆ ಬಚಾವಾಗಿದೆ ಗೊತ್ತಾ? ಅದರ ರೇಟ್ ಪೂರ್ತಿ ರೂಪಾಯಿಯಲ್ಲಿ ಇರುತ್ತೆ ಅಲ್ವಾ? ಪೂರ್ತಿ ರೂಪಾಯಿಗೆ 3 ಅಥವಾ 5 ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ ಎರಡು ದಶಾಂಶ ದಾಟೋಕೇ ಸಾಧ್ಯವಿಲ್ಲ. ಕೆಟ್ಟ ಆ ಒಂದು ಸಿಲಿಂಡರ್ ಕೊಟೇಶನ್‌ನಲ್ಲಿ ಡಿಸ್ಕೌಂಟ್ ಎಷ್ಟಿತ್ತು ನೋಡಿ. ಅರ್ಧ ಪರ್ಸೆಂಟ್ ಸೇರಿಕೊಂಡಿರಬೇಕು.

ಉದ್ಯಮಬಾಗ್_ಐಟಿ:

ಅಬ್ಬಾ! 7.5 ಪರ್ಸೆಂಟ್. ಲಿಸ್ಟ್ ರೇಟ್ 14,355, ಡಿಸ್ಕೌಂಟ್ ಕಳೆದು 13,278.375. ಸಿಆರ್‌ಎಂನಲ್ಲಿ 13,278.38 ಇದೆ. 8 ಪೀಸಿಗೆ ಒಂದು ಕಡೆ 1,06,227.00, ಇನ್ನೊಂದು ಕಡೆ 1,06,227.04. ನಾಲ್ಕು ಪೈಸೆಗೆ ಇಷ್ಟೆಲ್ಲ ರಾಮಾಯಣ!

ಮಚ್ಛೆ_ಡೆವಲಪರ್:

ಹಂಗಾದ್ರೆ ಸುಲಭ. ₹2ರ ಒಳಗಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೋಬೇಡ ಅಂತ ಸಿಂಕ್ ಕೋಡ್‌ನಲ್ಲಿ ಒಂದು ಸಾಲು ಹಾಕಿ.

ಸಿಂಕ್_ರಿಪೇರಿ:

ಇವತ್ತಿನ ಮಟ್ಟಿಗೆ ಮೇಲ್ ನಿಲ್ಲಿಸೋಕೆ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅದು ಬರೀ ಪಟ್ಟಿ ಕಟ್ಟಿದ ಹಾಗೆ. ಇದೇ ಕಾಸ್ಟಿಂಗ್‌ಗೆ 5,000 ಪೀಸಿನ ಆರ್ಡರ್ ಬಂದರೆ ವ್ಯತ್ಯಾಸ ₹12.50 ಆಗುತ್ತೆ. ಆಗ ಮಿತಿ ಏರಿಸುತ್ತೀರಾ? ಹಾಗೆ ಏರಿಸುತ್ತಾ ಹೋದರೆ ಖರೇನೇ ಆದ ಬದಲಾವಣೆಯೂ ಅದರಡಿ ಮುಚ್ಚಿಹೋಗುತ್ತೆ. ಸಿಆರ್‌ಎಂ ಕಾಲಂ ಅನ್ನು ನಾಲ್ಕು ದಶಾಂಶ ಮಾಡಿದರೂ ಅಷ್ಟೇ. ನಾಳೆ ಅರ್ಧ ಪರ್ಸೆಂಟ್ ಡಿಸ್ಕೌಂಟ್ ಕೆಜಿ ರೇಟಿನ ಮೇಲೆ ಬಿದ್ದರೆ ಐದನೇ ದಶಾಂಶ, ಆರನೇ ದಶಾಂಶ ಹುಟ್ಟುತ್ತೆ.

ಅಸಲು ಸಮಸ್ಯೆ ದಶಾಂಶ ಅಲ್ಲ. ಒಂದೇ ಮೊತ್ತವನ್ನು ಎರಡು ಸಾಫ್ಟ್‌ವೇರ್ ಲೆಕ್ಕ ಹಾಕುತ್ತಿವೆ, ಎರಡಕ್ಕೂ ತಿದ್ದೋ ಹಕ್ಕಿದೆ. ಹಣದ ವಿಷಯಕ್ಕೆ ಒಬ್ಬನೇ ಯಜಮಾನ ಇರಲಿ. ನಿಮ್ಮಲ್ಲಿ ಅದು ಕೊಟೇಶನ್ ಸಾಫ್ಟ್‌ವೇರ್. ದರ, ಡಿಸ್ಕೌಂಟ್, ತೆರಿಗೆ, ಒಟ್ಟು ಎಲ್ಲ ಅಲ್ಲೇ ಹುಟ್ಟಲಿ. ಸಿಆರ್‌ಎಂಗೆ ತಯಾರಾದ ಅಂಕಿ ಹೋಗಿ ಸುಮ್ನೆ ಕೂರಲಿ. ಅಲ್ಲಿ ಆ ಕಾಲಂಗಳನ್ನು ಓದೋಕೆ ಮಾತ್ರ ಬಿಡಿ, ಗುಣಾಕಾರದ ಸೂತ್ರ ತೆಗೆದುಹಾಕಿ. ಸಿಆರ್‌ಎಂನಿಂದ ಕೊಟೇಶನ್ ಕಡೆಗೆ ಪಾರ್ಟಿ, ಡ್ರಾಯಿಂಗ್ ನಂಬರ್, ಪೀಸ್ ಎಷ್ಟು, ಯಾವಾಗ ಬೇಕು, ಇಷ್ಟು ಬಂದರೆ ಸಾಕು. ಒಂದು ರೂಪಾಯಿಯ ಅಂಕಿಯೂ ವಾಪಸ್ ಬರಬಾರದು.

ತೆರಿಗೆಯನ್ನು ಬೇಕಂತಲೇ ಸೇರಿಸಿದೆ. ನೀವು ಗಡಿಯಲ್ಲಿದ್ದೀರಿ. ಇಲ್ಲಿನ ಪಾರ್ಟಿಗೆ ಸಿಜಿಎಸ್‌ಟಿ (ಕೇಂದ್ರದ್ದು), ಎಸ್‌ಜಿಎಸ್‌ಟಿ (ರಾಜ್ಯದ್ದು) ಅಂತ ಎರಡು ಪಾಲು, ಗಡಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಅಂತರರಾಜ್ಯ ತೆರಿಗೆ ಐಜಿಎಸ್‌ಟಿ. ಇದನ್ನೂ ಎರಡು ಕಡೆ ಲೆಕ್ಕ ಹಾಕಿದರೆ ಇನ್ನೊಂದು ಜಗಳಕ್ಕೆ ನೀವೇ ಬಾಗಿಲು ತೆಗೆದಂತೆ.

ಇನ್ನೂ ಒಂದು. ಸಿಂಕ್‌ಗೆ ಅಂತಲೇ ಬೇರೆ ಯೂಸರ್ ಇಟ್ಟಿದ್ದೀರಾ? ಸೇಲ್ಸ್ ಮ್ಯಾನೇಜರ್ ಲಾಗಿನ್‌ನಲ್ಲೇ ಓಡಿಸುತ್ತಿದ್ದರೆ ಬದಲಾವಣೆ ಮನುಷ್ಯ ಮಾಡಿದ್ದೋ ಯಂತ್ರ ಮಾಡಿದ್ದೋ ತಿಳಿಯೋದೇ ಇಲ್ಲ. ಬೇರೆ ಯೂಸರ್ ಇದ್ದರೆ, "ಕೊನೆಗೆ ಬದಲಿಸಿದ್ದು ಸಿಂಕ್ ಯೂಸರ್ ಆಗಿದ್ದರೆ ವಾಪಸ್ ಕಳಿಸಬೇಡ" ಅನ್ನೋ ಒಂದೇ ಷರತ್ತಿಗೆ ಇಂಥ ಸುತ್ತಾಟ ಬಹಳಷ್ಟು ನಿಲ್ಲುತ್ತೆ. ಮೇಲ್ ಕೂಡ ರಿವಿಷನ್ ಹುಟ್ಟಿದ ಕೂಡಲೇ ಹೋಗೋದು ಬೇಡ. ಯಾರಾದರೂ ಕಳಿಸು ಅಂತ ಒತ್ತಿದಾಗ ಹೋಗಲಿ.

ಲೆಕ್ಕದ_ಕೋಣೆ:

ಅಕೌಂಟ್ಸ್ ಕಡೆಯಿಂದ ಒಂದು ಮಾತು. ಜಾಸ್ತಿಯಾದ ರಿವಿಷನ್‌ಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡ್ರಿ. ಪಾರ್ಟಿ ನಾಳೆ ಪಿಒದಲ್ಲಿ (ಖರೀದಿ ಆದೇಶದಲ್ಲಿ) "ನಿಮ್ಮ ಕೊಟೇಶನ್ ಆರ್5 ಪ್ರಕಾರ" ಅಂತ ಬರೆದು ಕಳಿಸಿದರೆ ಹುಡುಕೋಕೆ ನಾವೇ ಕೂರಬೇಕು. ಹಳೆಯವಕ್ಕೆಲ್ಲ ರದ್ದು ಅಂತ ಗುರುತು ಹಾಕಿ, ಕೊನೆಯದನ್ನು ಮಾತ್ರ ಚಾಲ್ತಿಯಲ್ಲಿಡಿ. ಆ ಕೊಲ್ಹಾಪುರದ ಪಾರ್ಟಿಗೂ ಚಾಲ್ತಿಯಲ್ಲಿರೋದು ಯಾವುದು ಅಂತ ಒಂದು ಮೇಲ್ ಹಾಕಿಬಿಡಿ.

ಉದ್ಯಮಬಾಗ್_ಐಟಿ:

ಮಾಡಿದೆ ಸರ್. ದರದ ಕಾಲಂಗಳನ್ನು ಸಿಆರ್‌ಎಂನಲ್ಲಿ ಬಂದ್ ಮಾಡಿ, ಸೂತ್ರ ತೆಗೆದು, ಸಿಂಕ್‌ಗೆ ಬೇರೆ ಯೂಸರ್ ಕೊಟ್ಟೆ. ಅದೇ 500 ಪೀಸಿನ ಕಾಸ್ಟಿಂಗ್ ಮತ್ತೆ ಹಾಕಿ ಬಿಟ್ಟೆ. ಮಧ್ಯಾಹ್ನದವರೆಗೂ ಆರ್1 ಆರ್1ರಲ್ಲೇ ಇದೆ, ಎರಡೂ ಕಡೆ 92,916.25. ಸೇಲ್ಸ್‌ನವರಿಗೆ ಮಾತ್ರ ಬೇಜಾರು. ಸಿಆರ್‌ಎಂನಲ್ಲೇ ರೇಟ್ ತಿದ್ದೋ ಚಟ ಅವರಿಗೆ.

ಈಗ ಇನ್ನೊಂದು ಕಣ್ಣಿಗೆ ಬಿತ್ತು. ಕೆಲವು ಪಾರ್ಟಿಗಳು ಕೊಟೇಶನ್ ಕಡೆ ಎರಡೆರಡು ಸಲ ಇದ್ದಾರೆ. ಒಂದರಲ್ಲಿ ಊರು ಬೆಳಗಾಂ, ಇನ್ನೊಂದರಲ್ಲಿ ಬೆಳಗಾವಿ. ನಮ್ಮ ಸಿಂಕ್ ಹೆಸರು ಮತ್ತು ಊರು ನೋಡಿ ಹೊಂದಿಸುತ್ತೆ.

ಸಿಂಕ್_ರಿಪೇರಿ:

ಊರಿನ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚಿನ ಪಾರ್ಟಿ ಲಿಸ್ಟ್ ಹಾಗೇ ಎತ್ತಿ ಹಾಕಿರುತ್ತಾರೆ. ಹೆಸರು, ಊರು ನೋಡಿ ಹೊಂದಿಸೋದನ್ನೇ ಬಿಡಿ. 15 ಅಕ್ಷರದ ಜಿಎಸ್‌ಟಿ ನಂಬರ್ ನೋಡಿ ಒಮ್ಮೆ ಜೋಡಿ ಮಾಡಿಕೊಳ್ಳಿ. ಅದರ ಮೊದಲ ಎರಡು ಅಂಕಿ ರಾಜ್ಯದ್ದು: ನಮ್ಮದು 29, ಮಹಾರಾಷ್ಟ್ರದ್ದು 27. ಆದರೆ ಒಂದೇ ರಾಜ್ಯದಲ್ಲಿ ಎರಡು ಪ್ಲಾಂಟ್ ಇರೋ ಪಾರ್ಟಿಗೆ ನಂಬರ್ ಒಂದೇ ಇರಬಹುದು. ಅಂಥವನ್ನು ಕೈಯಿಂದಲೇ ಬೇರೆ ಮಾಡಬೇಕು. ಜೋಡಿ ಆದ ಮೇಲೆ ಸಿಆರ್‌ಎಂನ ಪಾರ್ಟಿ ಐಡಿಯನ್ನು ಕೊಟೇಶನ್ ಕಡೆ ಒಂದು ಕಾಲಂನಲ್ಲಿ ಬರೆದಿಡಿ, ಅದೇ ಐಡಿ ಎರಡನೇ ಸಲ ಬಂದರೆ ತಗೋಬಾರದು ಅಂತ ನಿಯಮ ಹಾಕಿ. ಎನ್‌ಕ್ವೈರಿ ಐಡಿಗೂ ಇದನ್ನೇ ಮಾಡಿ. ಆಗ ಮಚ್ಛೆಯವರು ಮೊದಲೇ ಹೇಳಿದ ಮರುಪ್ರಯತ್ನ ಯಾವತ್ತಾದರೂ ಬಂದರೂ ಡಬಲ್ ಆಗಲ್ಲ.