ಕಪ್ಪು ಟೀ ಶರ್ಟ್‌ಗೆ ಹಳದಿ ಅಕ್ಷರ: ಡಿಸೈನ್ ಹೇಗೆ ಕೊಡಬೇಕು?

ಪ್ರಶ್ನೆ: ನವೆಂಬರ್ 1ರ ಮೆರವಣಿಗೆಗೆ ನಮ್ಮ ಓಣಿಯ ಹುಡುಗರು ಸೇರಿ 80 ಕಪ್ಪು ಕಾಟನ್ ಟೀ ಶರ್ಟ್ ಮಾಡಿಸುತ್ತಿದ್ದೇವೆ. ಎದೆ ಮೇಲೆ ‘ಕಿತ್ತೂರು ಚನ್ನಮ್ಮನ ನಾಡು’ ಅಂತ ಹಳದಿಯಲ್ಲಿ, ಕೆಳಗೆ ಕುದುರೆ ಏರಿದ ರಾಣಿ ಕೆಂಪಿನಲ್ಲಿ. ವಾಟ್ಸಾಪ್‌ನಲ್ಲಿ ಬಂದ ಡಿಸೈನ್ 1080 ಪಿಕ್ಸೆಲ್ ಅಗಲ ಇದೆ. ಮೊಬೈಲ್‌ನಲ್ಲಿ ಚೆನ್ನಾಗೇ ಕಾಣುತ್ತದೆ. ಪ್ರಿಂಟಿಂಗ್‌ನವರು ಮಾತ್ರ ‘ನಡೆಯಲ್ಲ, ಕೋರಲ್ ಫೈಲ್ ತನ್ನಿ’ ಅನ್ನುತ್ತಾರೆ. ಯಾಕೆ ಸರ್?

ಉತ್ತರ: ಅವರು ಹೇಳಿದ್ದು ಖರೇನೇ ರೀ. ನಾನೂ ಬೆಳಗಾವಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ (ಒಂದೊಂದು ಬಣ್ಣಕ್ಕೆ ಒಂದೊಂದು ಜಾಳಿಗೆ ಚೌಕಟ್ಟು ಇಟ್ಟು ಇಂಕ್ ಒತ್ತುವ ಕೆಲಸ) ಮಾಡುವವನು, ಅಕ್ಟೋಬರ್ ಬಂತೆಂದರೆ ದಿನಾ ಇದೇ ಮಾತು. 12 ಇಂಚು ಅಗಲ ಪ್ರಿಂಟ್ ಬೇಕು ಅಂದರೆ ನಿಮ್ಮ 1080 ಪಿಕ್ಸೆಲ್ ಇಂಚಿಗೆ ಬರೀ 90 ಆಗುತ್ತದೆ. ಬೇಕಾದದ್ದು 300, ಅಂದರೆ 3600 ಪಿಕ್ಸೆಲ್. ಫೋಟೋಶಾಪ್‌ನಲ್ಲಿ ಎಳೆದು ದೊಡ್ಡದು ಮಾಡಿದರೆ ಮಸುಕು ದೊಡ್ಡದಾಗುತ್ತದೆ, ಅಷ್ಟೇ. ಡಿಸೈನ್ ಮಾಡಿದವರಿಂದ ಮೂಲ ಕೋರಲ್ ಫೈಲ್ ತರಿಸಿ, ಅಂದರೆ ಕೋರಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಗೆರೆಗಳಾಗಿ ಬರೆದದ್ದು, ಅದನ್ನು ಎಷ್ಟು ದೊಡ್ಡದು ಮಾಡಿದರೂ ಮಸುಕಾಗಲ್ಲ. ವಾಟ್ಸಾಪ್‌ನಲ್ಲೇ ಕಳಿಸಲಿ, ಆದರೆ ಫೋಟೋ ಅಂತ ಅಲ್ಲ (ಹಾಗೆ ಕಳಿಸಿದರೆ ವಾಟ್ಸಾಪ್ ಚಿತ್ರ ಕುಗ್ಗಿಸುತ್ತದೆ), ಡಾಕ್ಯುಮೆಂಟ್ ಅಂತ.

ನಿಮ್ಮ ಸಾಲಿನಲ್ಲಿ ತ್ತೂ, ನ್ನ, ಮ್ಮ ಮೂರೂ ಒತ್ತಕ್ಷರ. ಅಕ್ಷರ ಸಣ್ಣದಾದರೆ ಒತ್ತಿನ ಒಳಗಿನ ಸಂದಿಗೆ ಇಂಕ್ ತುಂಬಿಕೊಂಡು ಬರೀ ಹಳದಿ ಚುಕ್ಕೆ ಉಳಿಯುತ್ತದೆ. ಒಂದೇ ಸಾಲಿನಲ್ಲಿ ತುರುಕಬೇಡಿ, ಎರಡು ಸಾಲು ಮಾಡಿ. ಕುದುರೆಯ ಲಗಾಮಿನ ಗೆರೆ ಒಂದು ಪಾಯಿಂಟ್‌ಗಿಂತ (ಇಂಚಿನ 72ನೇ ಒಂದು ಭಾಗ) ತೆಳು ಇದ್ದರೆ ಜಾಳಿಗೆಯಲ್ಲಿ ಕಡಿದು ಹೋಗುತ್ತದೆ. ಮುಖಕ್ಕೆ ನೆರಳು, ತಿಳಿ ಕೆಂಪು ಎಲ್ಲ ಬೇಡ. ಗಟ್ಟಿ ಆಕಾರ ಸಾಕು, ಬಟ್ಟೆ ಮೇಲೆ ಅದೇ ಎದ್ದು ಕಾಣುವುದು.

ಇನ್ನೊಂದು ಮಾತು. ಬಣ್ಣ ಎರಡೇ ಅಂತ ಎರಡೇ ಸ್ಕ್ರೀನ್ ಲೆಕ್ಕ ಹಾಕಬೇಡಿ. ಕಪ್ಪಿನ ಮೇಲೆ ನೇರ ಹಳದಿ ಹೊಡೆದರೆ ಮಂಕಾಗಿ ಹಸಿರು ತಿರುಗಿದ ಹಾಗೆ ಕಾಣುತ್ತದೆ. ಅದಕ್ಕೇ ಕೆಳಗೆ ಬಿಳಿ ಬೇಸ್, ಅಂದರೆ ಮೂರನೇ ಸ್ಕ್ರೀನ್. ರೇಟಿನಲ್ಲಿ ಅದು ಸೇರಿದೆಯಾ ಅಂತ ಈಗಲೇ ಕೇಳಿಬಿಡಿ.

ಇನ್ನೊಬ್ಬ ಸದಸ್ಯರು: ಸಬ್ಲಿಮೇಷನ್ ಮಾಡಿಸಿದರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಅದು ಶಾಖ ಕೊಟ್ಟು ಬಣ್ಣವನ್ನು ಬಟ್ಟೆಯ ಒಳಗೇ ಇಳಿಸುವ ವಿಧಾನ, ತಿಳಿ ಬಣ್ಣದ ಪಾಲಿಯೆಸ್ಟರ್‌ಗೆ. ಕಪ್ಪು ಕಾಟನ್‌ಗೆ ಆಗಲ್ಲ. ಫೋಟೋನೇ ಬೇಕಿದ್ದರೆ ಡಿಟಿಎಫ್ ಮಾಡಿಸಿ, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿ ಒತ್ತಿ ಬಟ್ಟೆಗೆ ಅಂಟಿಸುವುದು. ಅದಕ್ಕೆ ಹಿನ್ನೆಲೆ ತೆಗೆದ ಪಿಎನ್‌ಜಿ ಚಿತ್ರದ ಫೈಲ್ ಕೊಡಿ, ಅಂಚಿಗೆ ಮಬ್ಬು ನೆರಳು ಬಿಡಬೇಡಿ. ಬಿಟ್ಟರೆ ಅಡಿಯ ಬಿಳಿ ಇಂಕ್ ಹೊರಗೆ ಇಣುಕುತ್ತದೆ.

ಪ್ರಶ್ನೆ ಕೇಳಿದವರು: ಸರ್, ಮೂಲ ಫೈಲ್ ಬಂತು. ಆದರೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಇದೆ.

ಉತ್ತರ: ಡಿಸೈನ್ ಮಾಡಿದವರು ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿರಬೇಕು, ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ. ನೀವು ಸುಮ್ನೆ ಮತ್ತೆ ಟೈಪ್ ಮಾಡಲು ಹೋಗಬೇಡಿ. ಕೋರಲ್‌ನಲ್ಲಿ ಅಕ್ಷರ ಎಲ್ಲ ಆಯ್ಕೆ ಮಾಡಿ, ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ (ಅಂದರೆ ಅಕ್ಷರವನ್ನು ಫಾಂಟ್ ಬೇಡದ ಆಕಾರವಾಗಿ ಬದಲಿಸಿ) ಕಳಿಸಲು ಅವರಿಗೇ ಹೇಳಿ. ಆಮೇಲೆ ಅಕ್ಷರ ತಿದ್ದಲು ಬರಲ್ಲ, ಹಾಗಾಗಿ ಕರ್ವ್ ಮಾಡದ ಪ್ರತಿಯೂ ಒಂದಿರಲಿ. ಕಾಗುಣಿತ ಮೊದಲೇ ಇಬ್ಬರು ಓದಲಿ. ಒಮ್ಮೆ ನಾನು ‘ರಾಜ್ಯೋತ್ಸವ’ದ ಸ ಒತ್ತು ಬಿಟ್ಟು 60 ಶರ್ಟ್ ಹೊಡೆದಿದ್ದೆ. ಅವು ಈಗಲೂ ನಮ್ಮ ಅಂಗಡಿಯಲ್ಲಿ ಇಂಕ್ ಒರೆಸುವ ಬಟ್ಟೆ.