ಶಹಾಬಾದ್ ಪರಸಿ ಮ್ಯಾಲ ಕಟ್ಟಿಗಿ ಫ್ಲೋರಿಂಗ್ ಹಾಕಿಸ್ಬಹುದೇನ್ರಿ? (ಕಲಬುರಗಿ)

ಜೇವರ್ಗಿ ರೋಡ್:
ನಮಸ್ಕಾರ್ರಿ ಎಲ್ಲರಿಗೂ. ನಮ್ದು ಹಳೇ ಮನಿ, ಗ್ರೌಂಡ್ ಫ್ಲೋರ್, ನೆಲಕ್ಕ ಪೂರ್ತಿ ಶಹಾಬಾದ್ ಪರಸಿ ಅದ. ಬೆಡ್‌ರೂಮಿಗಿ ಖರೇ ಕಟ್ಟಿಗಿ ಫ್ಲೋರಿಂಗೇ ಬೇಕಂತ ಮನ್ಯಾಗ ಹಟ ಹಿಡದಾರ. ಅಂಗಡ್ಯಾವ 18 ಎಂಎಂ ಸಾಲಿಡ್ ಸಾಗವಾನಿ ಹಾಕಸ್ರಿ ಅಂತಾನ, ಬಡಿಗ್ಯಾ ಪರಸಿ ಮ್ಯಾಲೇ ಫೋಮ್ ಹಾಸಿ ಒಂದೇ ದಿನದಾಗ ಕೂಡಿಸ್ತೀನಿ ಅಂತಾನ, ಆದ್ರ ನಮ್ಮ ಕಡಿ ಬಿಸಲು ನಿಮಗ ಗೊತ್ತೇ ಅದ, ಮೇ ತಿಂಗಳಾಗ 43-44 ಡಿಗ್ರಿ, ಕಟ್ಟಿಗಿ ಸೀಳಂಗಿಲ್ಲೇನ್ರಿ?

ಬೀದರ್ ಇಂಟೀರಿಯರ್:
ಬಿಸಲಿನಕಿಂತ ಕೂಲರಿಗಿ ಅಂಜ್ರಿ ಸರ್. ಬ್ಯಾಸಗ್ಯಾಗ ಹಗಲೆಲ್ಲಾ ಒಣ ಗಾಳಿ, ರಾತ್ರಿ ಆದ್ರ ನೀರಿನ ಕೂಲರು ರೂಮಿನ ತುಂಬ ಹಸಿ ಗಾಳಿ ಊದ್ತದ, ಕಟ್ಟಿಗಿ ಉಬ್ಬೂದು ಕುಗ್ಗೂದು ಉಬ್ಬೂದು ಕುಗ್ಗೂದು, ಅದೂ ಅಗಲದ ಕಡಿಗೇ ಜಾಸ್ತಿ. ಮಳಿಗಾಲದಾಗ ಬಾಗಲಾ ಬಿಗಿ ಆಗಿ ಹಾಕ್ಲಾಕ ಬರಂಗಿಲ್ಲ ನೋಡ್ರಿ, ಅದೇ ಕಥಿ. ಅದಕ್ಕ ಸಾಲಿಡ್ ಬ್ಯಾಡ, ಎಂಜಿನಿಯರ್ಡ್ ವುಡ್ ತಗೋರಿ. ಮ್ಯಾಲ 3-4 ಎಂಎಂ ಖರೇ ಸಾಗವಾನಿನೇ ಇರ್ತದ, ಕೆಳಗ ಪ್ಲೈ ಪದರ ಒಂದು ಉದ್ದ ಒಂದು ಅಡ್ಡ ಅಂಟಿಸಿರ್ತಾರ, ಒಂದು ಎಳೆದ್ರ ಇನ್ನೊಂದು ಹಿಡೀತದ. ಮಾಲು ಬಂದಮ್ಯಾಲ 2-3 ದಿನ ಅದೇ ರೂಮಿನ್ಯಾಗ ಇಡ್ರಿ, ರೂಮಿನ ಹವಾ ಹಿಡೀಲಿ. ಕಟ್ಟಿಗಿ ಉಬ್ಬಲಾಕ ಗ್ವಾಡಿ ಸುತ್ತ 10 ಎಂಎಂ ಸಂದಿ ಬಿಡಿಸ್ಲೇಬೇಕು, ಗ್ವಾಡಿ ಬುಡಕ್ಕ ಹಚ್ಚೂ ಪಟ್ಟಿ (ಸ್ಕರ್ಟಿಂಗ್) ಕೆಳಗ ಮುಚ್ಚಿ ಹೋಗ್ತದ. ಸ್ಕರ್ಟಿಂಗಿನ ಮೊಳಿ ಗ್ವಾಡಿಗೇ ಹೊಡೀಬೇಕು, ಹಲಗಿಗಿ ಹೊಡದ್ರ ಸಂದಿ ಬಿಟ್ಟಿದ್ದೆಲ್ಲಾ ದಂಡ.

ಶಹಾಬಾದ್ ಹುಡ್ಗ:
ಅಣ್ಣಾ ಪರಸಿ ಮುಚ್ಚಬ್ಯಾಡ್ರಿ! ಮೇ ತಿಂಗಳಾಗ ಮಧ್ಯಾಹ್ನ ಬರೀ ನೆಲದ ಮ್ಯಾಲ ಮಕ್ಕೊಳ್ಳೋ ಸುಖ ಯಾವ ಸಾಗವಾನಿ ಕೊಡ್ತದ. ಬೆಂಗಳೂರಿನ ಫ್ಲ್ಯಾಟ್ ಫೋಟೋ ನೋಡಿ ಆಸೆ ಬಿದ್ರ ಹಿಂಗೇ. ಆಯ್ತು, ಹಾಕ್ಸೂದೇ ಅಂದ್ರ ಮದಲ ತೇವ ನೋಡ್ರಿ, ಎರಿ ಮಣ್ಣು ಮಳಿಗಾಲದಾಗ ನೀರು ಹಿಡ್ಕೊಂಡು ಕೂಡ್ತದ, ಪರಸಿ ಸಂದ್ಯಾಗಿಂದ ಮ್ಯಾಲ ಬರ್ತದ. ಎರಡು ಫೂಟ್ ಪ್ಲಾಸ್ಟಿಕ್ ಹಾಳಿ ನೆಲಕ್ಕ ಹಾಸಿ ನಾಕೂ ಕಡಿ ಟೇಪ್ ಹಚ್ಚಿ 24 ತಾಸು ಬಿಡ್ರಿ, ಹಾಳಿ ಕೆಳಗ ಬೆವರು ಕಂಡ್ರ ಬರೀ ಫೋಮ್ ಸಾಲಂಗಿಲ್ಲ. ಗೆದ್ದಲ ಔಷಧಿನೂ ಈಗೇ ಹೊಡಸ್ರಿ.

ಬೀದರ್ ಇಂಟೀರಿಯರ್:
ಹಾಳಿ ಮಾತು ಖರೆ. ಪರಸಿ ಮಟ್ಟನೂ ನೋಡ್ರಿ, 2 ಮೀಟರ್ ಪಟ್ಟಿ ಇಟ್ರ ಕೆಳಗ 3 ಎಂಎಂಕಿಂತ ಜಾಸ್ತಿ ಬೆಳಕು ಕಾಣಬಾರ್ದು. ಹಳೇ ಪರಸಿ ಅಷ್ಟು ಮಟ್ಟ ಇರೂದು ಕಷ್ಟ. ತೆಗ್ಗಿನ ಮ್ಯಾಲ ಹಲಗಿ ಕೂಡಿಸಿದ್ರ ನಡದಾಗೊಮ್ಮಿ ಟಕ್ ಟಕ್ ಅಂತದ, ಕಡೀಕ ಹಲಗಿಗಿ ಹಲಗಿ ಕೂಡಿಸೂ ಲಾಕ್ ಮುರೀತದ.

ಜೇವರ್ಗಿ ರೋಡ್:
ಹಾಳಿ ಹಚ್ಚಿ ನೋಡಿದ್ರಿ. ನಡುವ ಒಣ ಅದ, ಆದ್ರ ಸಂದಿ ಗುಂಟ ಗೆರಿ ಎಳದಂಗ ನೀರಿನ ಹನಿ ಕೂತಾವ. ಅದೂ ಇನ್ನಾ ಮಳಿ ಸುರು ಆಗಿಲ್ಲ! ಈ ರೂಮು ಬಿಟ್ಟು ಮಾಳಗಿ ಮ್ಯಾಲಿನ ರೂಮಿಗಿ ಎಂಜಿನಿಯರ್ಡ್ ಹಾಕ್ಸಾಮು ಅಂತ ಒಪ್ಪಿಸೀನಿ, ಅಲ್ಲಿ ಎಸಿ ಅದ, ಕೂಲರ್ ಕಾಟ ಇಲ್ಲ. ನೆಲ ಒರಸೂದು ಹ್ಯಾಂಗ್ರಿ ಮತ್ತ? ನಮ್ಮ ಅವ್ವ ಬಕೀಟಲೇ ನೀರು ಸುರುವಿ ತೊಳಿತಾಳ.

ಬೀದರ್ ಇಂಟೀರಿಯರ್:
ಗಟ್ಟಿ ಹಿಂಡಿದ ಅರಬಿಲೇ ಒರಸ್ರಿ ಸಾಕು, ಫಿನಾಯಿಲ್ ಬ್ಯಾಡ. ಹಲಗಿ ಫೋಮ್ ಸೇರಿ 17-18 ಎಂಎಂ ನೆಲ ಏರ್ತದ, ಬಾಗಲಾ ಕೆಳಗ ತಾಸಬೇಕಾಗ್ತದ, ಅದು ರೇಟಿನ್ಯಾಗ ಅದನೋ ಇಲ್ಲೋ ಬಡಿಗ್ಯಾಗ ಈಗೇ ಕೇಳ್ರಿ.